ಪಾಕೀಟಿನ ಹಿಟ್ಟು

ಗಂಡನ ಮನೆ ಬಿಟ್ಟು ಪುಣೆಗೆ ಬಂದು ನಮ್ಮ ಪಕ್ಕದ ಖೋಲಿ ಹಿಡಿದಿದ್ದವಳು ಅವಳು. ಹಿಟ್ಟಿನ ಕೈಯನ್ನು ಸೀರೆಗೆ ಒರೆಸಿಕೊಂಡು, ಒಂದೇ ಬೆರಳಿನಿಂದ ಮೊಬೈಲ್ ಒತ್ತುತ್ತ ಕನ್ನಡದಲ್ಲಿ ಅಡುಗೆಯ ಬ್ಲಾಗ್ ಬರೆಯುವಳು. ಅದರಲ್ಲಿ ಬರುವ ಜಾಹೀರಾತಿನಿಂದ ಚಹಾಪುಡಿಯ ಖರ್ಚಷ್ಟೇ ನೀಗುತ್ತಿತ್ತು. ಖೋಲಿಯ ಬಾಡಿಗೆ ಹುಟ್ಟಬೇಕಾದರೆ ಹಣ ತೆಗೆದುಕೊಂಡು ಕಂಪನಿಗಳ ಸಾಮಾನಿನ ಬಗ್ಗೆ ಬರೆಯಬೇಕು. ನಾಚಿಕೆಯಾಗುವುದಿಲ್ಲವೇ ಎಂದು ಮುದುಕಿ ನಾನು ಕೇಳಿದ್ದೆ.

"ರೊಕ್ಕ ತೊಗೋತೀನ್ರಿ ಆಯಿ, ನಾಲಿಗಿ ಮಾರೂದಿಲ್ಲ," ಎಂದಳು. ಯಾರು ಕೇಳಿದರೂ ಅದೇ ಮಾತು.

ಒಂದು ಕಂಪನಿ ಜೋಳದ ಹಿಟ್ಟಿನ ಪಾಕೀಟುಗಳನ್ನು ಕಳಿಸಿತು. ಹಿಟ್ಟು ಹಳೆಯದು, ಅಂಟುವ ಜಿಗಿ ಹೋಗಿತ್ತು. ಬಡಿದ ರೊಟ್ಟಿಯೆಲ್ಲ ಅಂಚಿನಲ್ಲಿ ಬಿರಿದು ಎತ್ತುವಾಗ ಮುರಿಯಿತು. ಅವಳು ಚೂರುಗಳ ಫೋಟೊ ಹಾಕಿ, ಅಕ್ಷರ ಕೂಡಿಸಿ ಓದುವ ನನಗೂ ತಿಳಿಯುವಂತೆ ಬರೆದಳು: 'ಇದನ್ನು ಬರೆಯಲು ಕಂಪನಿಯವರು ಹಣ ಕೊಟ್ಟಿದ್ದಾರೆ. ರೊಟ್ಟಿ ಹೀಗೆ ಬಂತು.'

ಕಂಪನಿಯವನು ಮನೆಗೇ ಬಂದ. ನಮ್ಮ ಬೆಳಗಾವಿ ಕಡೆಯವನೇ.

"ಅಕ್ಕಾರ, ಅದನ್ನ ತಗದಬಿಡ್ರಿ. ವರ್ಷಾನಗಟ್ಲೆ ಕೆಲಸ ಕೊಡ್ತೀವ್ರಿ."

ವರ್ಷದ ಬಾಡಿಗೆ ತಾನಾಗಿ ಬಾಗಿಲಿಗೆ ಬಂದಿದೆ, ಒಪ್ಪಿಕೊಳ್ಳೇ ಹುಚ್ಚಿ ಎಂದು ನಾನು ಕಣ್ಸನ್ನೆ ಮಾಡಿದೆ. ಅವಳು ನನ್ನ ಕಡೆ ನೋಡಲೇ ಇಲ್ಲ. ಅದೇ ಪಾಕೀಟಿನ ಹಿಟ್ಟನ್ನು ಅಗಲವಾದ ಪರಾತಕ್ಕೆ ಸುರಿದು, ಕುದಿಯುವ ನೀರು ಹಾಕಿ ನಾದಿ, ಅವನ ಮುಂದೆ ತಳ್ಳಿದಳು.

"ಬಡೀರಿ ಸಾಹೇಬ್ರ. ಒಂದರೆ ರೊಟ್ಟಿ ಮುರೀದಂಗ ಎತ್ತಿ ತೋರಿಸ್ರಿ, ಈಗಿಂದೀಗ ತಗೀತೀನಿ."

ಅವನು ಅಂಗಿಯ ತೋಳು ಮಡಚಿ ಬಡಿಯಲು ಕೂತ, ಅಷ್ಟು ಮಾತ್ರ ಮೆಚ್ಚಬೇಕು. ಎತ್ತುವಾಗ ರೊಟ್ಟಿ ಅರ್ಧ ಅವನ ಅಂಗೈಯಲ್ಲಿ, ಅರ್ಧ ಪರಾತದಲ್ಲಿ ಉಳಿಯಿತು. ಅವಳು ಮೊಬೈಲ್ ಎತ್ತಿದಳು.

"ಹಂಗ ಹಿಡೀರಿ, ಫೋಟೊ ಹಾಕ್ತೀನಿ. ಇದಕ್ಕ ರೊಕ್ಕ ಬ್ಯಾಡ್ರಿ."