ಗಿಳಿಯೊಳಗೆ ಇಟ್ಟ ಜೀವ

ಬೆಳಗಿನ ಜಾವ ಮೂರು ಗಂಟೆ. ಆಸ್ಪತ್ರೆಯ ನೆಲಕ್ಕೆ ಕವಡೆ ಬಿದ್ದ ಸದ್ದಿಗೆ ಎಚ್ಚರವಾಯಿತು. ಮಗಳ ಮುಷ್ಟಿಯಿಂದ ಜಾರಿತ್ತು.

ನಾನು ಚಿಕ್ಕವಳಿದ್ದಾಗ ಪೈವಳಿಕೆಯ ಮನೆಯ ಚಾವಡಿಯಲ್ಲಿ ಅಣ್ಣ ಸೀಮೆಸುಣ್ಣದಿಂದ ಕಾಡು, ಕೋಟೆ ಬರೆದು ಕಥೆ ಹೇಳುತ್ತಿದ್ದ. ಅದೇ ನಮ್ಮ ಆಟ; ಕಥೆಯೊಳಗಿನ ಕಳ್ಳ ನಾನು. ಬದುಕುವುದೋ ಸಾಯುವುದೋ ಕವಡೆ ಬಿದ್ದಂತೆ. ಕೆಟ್ಟದಾಗಿ ಬಿದ್ದು ನಾನು ಅತ್ತರೆ, "ಹೆದರಬೇಡ, ನಿನ್ನ ಜೀವ ಗಿಳಿಯೊಳಗೆ ಅಡಗಿಸಿಟ್ಟಿದ್ದೇನೆ" ಎನ್ನುತ್ತಿದ್ದ.

ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದ ಅಜ್ಜಿ, "ಎಂತ ಮಾರಾಯ, ಅದು ನನ್ನ ಕಥೆಯ ರಾಕ್ಷಸನ ಗಿಳಿ ಅಲ್ವಾ?" ಎನ್ನುತ್ತಿದ್ದರು.

"ರಾಕ್ಷಸನಿಗೆ ಮಾತ್ರ ಯಾಕಜ್ಜಿ? ಇವಳಿಗೂ ಇರ್ಲಿ."

ಅಣ್ಣನಿಂದ ಇದೇ ಆಟ ಕಲಿತ ಮಗಳಿಗೆ ಬೆಳಿಗ್ಗೆ ಹೃದಯದ ಆಪರೇಷನ್. "ನನ್ನ ಜೀವ ಮಾಮ ಎಲ್ಲಿಟ್ಟಿದ್ದಾರೆ?" ಎಂದು ಕೇಳುತ್ತಲೇ ಮಲಗಿದಳು. ಅಡಗಿಸಬೇಕಾದವನು ಕಥೆ ಹೇಳುವವನೇ, ನಾನಲ್ಲ. ದುಬೈಯಲ್ಲಿರುವ ಅಣ್ಣನ ಫೋನ್ ತಾಗುತ್ತಿಲ್ಲ. ಅಲ್ಲಿ ಅವನ ರೂಮಿನವರು ಯಾರಾದರೂ ಈ ಪೋಸ್ಟ್ ಓದಿದರೆ, ದಯವಿಟ್ಟು ಅವನನ್ನು ಎಬ್ಬಿಸಿ. ಬೆಳಗಾಗುವ ಮೊದಲು ಒಂದು ಫೋನ್ ಮಾಡಿಸಿ.