ಗಂಬೂಟಿನ ಪಕ್ಕವೇ ಏಕೆ?

ನಮ್ಮ ಮನೆಯ ನಾಯಿಮರಿ ನಡುಮನೆಯಲ್ಲಿ ಉಚ್ಚೆ ಹೊಯ್ದರೆ ಬೈಯುವ ಹಾಗಿಲ್ಲ. ಬೈದರೆ ನನ್ನ ನಾದಿನಿ ಶಾರದೆಗೆ ಕೋಪ ಬರುತ್ತದೆ.

"ಅತ್ತಿಗೆ, ಬಾಯಿಗೆ ಬಂದಂಗೆ ಅನ್ಬ್ಯಾಡಿ. ಅದು ಅಣ್ಣಯ್ಯ."

ಅಣ್ಣಯ್ಯ ಎಂದರೆ ಅವಳ ಅಣ್ಣ. ನನ್ನ ಗಂಡ. ದಸರಾ ಮುಗಿದ ವಾರ ತೀರಿಕೊಂಡವರು. (ಈ ಅಂಕಣ ನಡುವೆ ಕೆಲವು ವಾರ ಬರಲಿಲ್ಲವಲ್ಲ, ಕಾರಣ ಅದೇ. ವಿಚಾರಿಸಿದವರಿಗೆಲ್ಲ ಉತ್ತರ ಬರೆಯಲಾಗಲಿಲ್ಲ, ಬೇಸರಿಸಬೇಡಿ.)

ಅವರು ನಾಯಿಯಾದದ್ದು ಹೇಗೆ? ಹೇಳುತ್ತೇನೆ.

ನಮ್ಮ ಮನೆತನದಲ್ಲಿ ತಿಥಿಯ ಹಿಂದಿನ ಸಂಜೆ, ತೀರಿಕೊಂಡವರು ಮಲಗಿದ್ದ ಜಾಗದಲ್ಲಿ ದೀಪ ಹಚ್ಚಿ, ಪಕ್ಕದಲ್ಲಿ ಅಕ್ಕಿಹಿಟ್ಟನ್ನು ತೆಳ್ಳಗೆ ಹರವಿ, ಅದರ ಮೇಲೆ ಬಿದಿರಿನ ಮಂಕರಿ ಕವುಚಿ ಇಡುತ್ತಾರೆ. ಬೆಳಗ್ಗೆ ಮಂಕರಿ ಎತ್ತಿದಾಗ ಹಿಟ್ಟಿನ ಮೇಲೆ ಯಾವ ಗುರುತು ಮೂಡಿದೆಯೋ ಆ ಜನ್ಮಕ್ಕೆ ಹೋದರು ಎಂದು ನಂಬಿಕೆ. ಹಕ್ಕಿಯ ಕಾಲಾದರೆ ಹಕ್ಕಿ. ಗೊರಸಾದರೆ ದನ.

ನಮ್ಮ ಮನೆಯ ಮಂಕರಿ ಎತ್ತಿದವಳು ಶಾರದೆ. ಎತ್ತಿದವಳೇ ಕೂಗಿದಳು: "ನಾಯಿ ಹೆಜ್ಜೆ ಕಣ್ರೀ!"

ಎಲ್ಲರೂ ಬಗ್ಗಿ ನೋಡಿದರು. ನಾನೂ ನೋಡಿದೆ. ಒಂದು ಅಗಲವಾದ ಗುಳಿ, ಅದರ ಮುಂದೆ ನಾಲ್ಕು ಸಣ್ಣ ಗುಳಿ. ಹೆಬ್ಬೆರಳು ಒತ್ತಿ, ಉಳಿದ ಬೆರಳುಗಳ ತುದಿ ಊರಿದರೂ ಹಾಗೇ ಕಾಣುತ್ತದೆ. ಅದನ್ನು ಹೇಳುವ ತ್ರಾಣ ಆ ಹೊತ್ತಿನಲ್ಲಿ ನನಗಿರಲಿಲ್ಲ.

ಅನುಮಾನ ಬಲಿತದ್ದು ಆಮೇಲೆ. ಹೊಂಗಡಹಳ್ಳದ ಶಾರದೆಯ ಮನೆಯಲ್ಲಿ ಅದೇ ವಾರ ನಾಯಿ ಮರಿ ಹಾಕಿತ್ತು! ಒಂದೆರಡಲ್ಲ, ಮಂಕರಿ ತುಂಬ. ಹಂಚುವುದಕ್ಕೆ ಮರಿ ಇಟ್ಟುಕೊಂಡು ಕೂತವಳ ಕಣ್ಣಿಗೇ ನಾಯಿಯ ಹೆಜ್ಜೆ ಬಿತ್ತು ಎಂದರೆ ಏನರ್ಥ? ಅವಳ ಕೊಟ್ಟಿಗೆಯಲ್ಲಿ ಹಸು ಈದಿದ್ದರೆ ನನ್ನ ಗಂಡ ಕರುವಾಗುತ್ತಿದ್ದರೇ?

ಕೇಳಿಯೇ ಬಿಟ್ಟೆ. ಮರಿಯನ್ನು ಬಿಸ್ಕೆಟ್ ರಟ್ಟಿನ ಪೆಟ್ಟಿಗೆಯಲ್ಲಿ ತಂದು ಇಳಿಸಿದ ದಿನ.

"ಹೆಜ್ಜೆ ಒತ್ತಿದ್ದು ನೀನೇ ತಾನೆ?"

"ಅಯ್ಯೋ, ದೇವ್ರಾಣೆಗೂ ಇಲ್ಲ ಅತ್ತಿಗೆ!" ಎಂದಳು. ಕೈ ಮಾತ್ರ ಸೆರಗಿನೊಳಗೆ ಸೇರಿಕೊಂಡಿತು.

"ಇವ್ನು ನಿಮ್ಮಣ್ಣ ಆದ್ರೆ ಮಿಕ್ಕ ಮರಿಗಳು ಯಾರು?"

"ಮಿಕ್ಕವು ಬರೀ ನಾಯಿ."

ನನಗೆ ನಗು ಬಂತು. ಎಷ್ಟೋ ದಿನದ ಮೇಲೆ. ಅದನ್ನು ನೋಡಿಯೇ ಇರಬೇಕು, ಹೊರಡುವಾಗ ಮೆಟ್ಟಿಲ ಮೇಲೆ ನಿಂತು ಮೆಲ್ಲಗೆ ಕೇಳಿದಳು. "ಹಿಟ್ಟಿನ್ ಮ್ಯಾಲೆ ಯಾವ ಗುರುತೂ ಇಲ್ದಿದ್ರೆ ನೀವು ಏನ್ ಮಾಡ್ತಿದ್ರಿ ಅತ್ತಿಗೆ?"

ಮರಿ ಉಳಿಯಿತು.

ಸಕಲೇಶಪುರದ ನಾಯಿ ಡಾಕ್ಟರು ಪಾಠ ಹೇಳಿಕೊಟ್ಟರು. ತಿಂದ ಕೂಡಲೇ ಹೊರಗೆ ಕರೆದುಕೊಂಡು ಹೋಗಿ. ಯಾವಾಗಲೂ ಒಂದೇ ಪದ ಬಳಸಿ. ಹೊಡೆಯಬೇಡಿ. ಹೊರಗೆ ಮಾಡಿದರೆ ಹೊಗಳಿ. ಕೇಳಲು ಎಷ್ಟು ಸುಲಭ, ಅಲ್ಲವೇ?

ನಮ್ಮ ಮನೆಯಲ್ಲಿ ಹೊರಗೆ ಎಂದರೆ ಕಾಫಿ ಕಣ. ಈಗ ಅಲ್ಲಿ ಕೊಯ್ದ ಹಣ್ಣು ಒಣಗಲು ಹರವಿದೆ. ಮರಿಗೆ ಆ ಹಾಸು ಬಹಳ ಹಿಡಿಸಿತು. (ನೀವು ಬೆಳಗ್ಗೆ ಕುಡಿದ ಕಾಫಿ ಯಾವ ತೋಟದ್ದು? ಬೇಡ, ಬಿಡಿ.) ಎತ್ತಿಕೊಂಡು ಕಣ ದಾಟಿ ಸಿಲ್ವರ್ ಓಕ್ ಮರದ ಬುಡದಲ್ಲಿ ಬಿಟ್ಟೆ. "ಹೊರಗೆ" ಎಂದು ಹೇಳಿಕೊಟ್ಟೆ. ಮರಿ ಒಣಗಿದ ಎಲೆ ಅಗಿಯಿತು. ಆಕಾಶ ನೋಡಿತು. ಒಳಗೆ ಓಡಿ ಬಂದು, ಪ್ರತಿಸಲವೂ ಒಂದೇ ಜಾಗದಲ್ಲಿ ಹೊಯ್ದಿತು.

ಬಾಗಿಲ ಒಳಮೂಲೆ. ಗಂಬೂಟಿನ ಪಕ್ಕ.

ಅವರ ಗಂಬೂಟು. ತೋಟದಿಂದ ಬಂದವರು ಅಲ್ಲೇ ಕಳಚಿ ನಿಲ್ಲಿಸುತ್ತಿದ್ದರು. ಕೆಸರು, ಕೊಳೆತ ಎಲೆ, ರಕ್ತ ಕುಡಿದು ಉಬ್ಬಿದ ಇಂಬಳ, ಎಲ್ಲದರ ಸಮೇತ. "ಹೊರಗೆ!" ಎನ್ನುತ್ತಿದ್ದೆ. ಮದುವೆಯಾಗಿ ಬಂದ ವರ್ಷದಿಂದಲೂ ಅದೇ ಪದ. ಅವರು ಕತ್ತು ಓರೆ ಮಾಡಿ, "ನಾಳೆಯಿಂದ ಹೊರ್ಗೇ ಬಿಡ್ತೀನಿ ಕಣೇ" ಎನ್ನುತ್ತಿದ್ದರು. ಕೊನೆಯ ಸಲ ಕಳಚಿದ ಜೋಡಿ ಹಾಗೇ ನಿಂತಿದೆ, ಎಡದ್ದು ಬಲದ್ದರ ಮೇಲೆ ಒರಗಿಕೊಂಡು.

ಡಾಕ್ಟರಿಗೆ ಫೋನ್ ಮಾಡಿದೆ.

"ಮೇಡಂ, ಆ ಬೂಟ್ ತೊಳ್ದು ಹೊರಗಿಟ್ಬಿಡಿ. ವಾಸನೆ ಹೋದ್ರೆ ಮರಿ ಅಲ್ಲಿಗೆ ಹೋಗಲ್ಲ."

ಎಷ್ಟು ಹೊತ್ತಿನ ಕೆಲಸ? ಆಗಲಿ ಎಂದೆ. ಮಾಡಲಿಲ್ಲ. ದಿನಾ ನೆಲ ಒರೆಸುವುದೇ ಸುಲಭ ಅನ್ನಿಸಿತು.

ಒರೆಸುತ್ತಾ "ಹೊರಗೆ!" ಎನ್ನುತ್ತೇನೆ. ಮರಿ ಕತ್ತು ಓರೆ ಮಾಡುತ್ತದೆ. ಎಲ್ಲ ನಾಯಿಮರಿಗಳೂ ಹಾಗೆ ಮಾಡುತ್ತವೆ, ನನಗೆ ಗೊತ್ತು. ಆದರೆ ಗಂಬೂಟಿನ ಪಕ್ಕವೇ ನಿಂತು ಏಕೆ ಮಾಡಬೇಕು? ನಾನು ಶಾಲೆ ಕಲಿತವಳು, ಇಂಥದ್ದನ್ನೆಲ್ಲ ನಂಬುವವಳಲ್ಲ. ಆದರೂ ಒಂದು ಮಧ್ಯಾಹ್ನ, ಸುತ್ತಮುತ್ತ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, "ನಾಳೆಯಿಂದಾನಾ?" ಎಂದು ಕೇಳಿದೆ. ಮರಿ ಆಕಳಿಸಿತು.

ಅಲ್ಲಿಂದ ಅನುಮಾನ ನನ್ನ ಮೇಲೇ ತಿರುಗಿತು. "ಹೊರಗೆ" ಎನ್ನುವ ನನ್ನ ದನಿ ದಿನದಿನಕ್ಕೆ ಮೆತ್ತಗಾಗುತ್ತಿದೆಯಲ್ಲ? ಮರಿ ಕಲಿಯಲಿ ಎಂಬ ಆಸೆ ನನಗೆ ನಿಜವಾಗಿ ಇದೆಯೇ?

ಮೊನ್ನೆ ಭಾನುವಾರ ಶಾರದೆ ಬಂದಿದ್ದಳು. ಇಬ್ಬರೂ ಅಕ್ಕಿರೊಟ್ಟಿ ತಟ್ಟುತ್ತಿದ್ದೆವು. ತಿಂದು ಮಲಗಿದ್ದ ಮರಿ ಎದ್ದಿತು. ಬಾಗಿಲ ಕಡೆ ನಡೆಯಿತು. ನಾನು ಅಭ್ಯಾಸದಿಂದ ಒರೆಸುವ ಬಟ್ಟೆಗೆ ಕೈ ಹಾಕಿದೆ. ಅದು ಗಂಬೂಟಿನತ್ತ ತಿರುಗಿಯೂ ನೋಡಲಿಲ್ಲ. ಬಾಗಿಲು ಪರಚಿ ಕುಂಯ್ ಎಂದಿತು. ಶಾರದೆ ಓಡಿಹೋಗಿ ತೆಗೆದಳು. ಕಣದ ಅಂಚಿನಲ್ಲೇ, ಒಂದು ಹಣ್ಣನ್ನೂ ತುಳಿಯದೆ, ಸಿಲ್ವರ್ ಓಕ್ ಬುಡಕ್ಕೆ ಹೋಗಿ ಕೆಲಸ ಮುಗಿಸಿತು. ಮಣ್ಣು ಕೆರೆದು, ಓಡಿ ಬಂದು, ನನ್ನ ಮುಂದೆ ಕೂತು ಮುಖ ನೋಡಿತು. ಹೊಗಳಬೇಕಲ್ಲ?

"ಕಲ್ತ್‌ಬುಟ್ರು! ನೋಡಿ ಅತ್ತಿಗೆ, ಅಣ್ಣಯ್ಯ ಕಲ್ತೇ ಬುಟ್ರು!" ಶಾರದೆ ಚಪ್ಪಾಳೆ ತಟ್ಟಿದಳು. ಅವಳ ಬೆರಳುಗಳಿಂದ ಅಕ್ಕಿಹಿಟ್ಟು ಉದುರಿತು.

ಒರೆಸುವ ಬಟ್ಟೆ ಇನ್ನೂ ನನ್ನ ಕೈಯಲ್ಲೇ ಇತ್ತು. ಅಲ್ಲೇ ಹೊಸ್ತಿಲ ಹತ್ತಿರ ಕೂತುಬಿಟ್ಟೆ.

"ಯಾಕತ್ತಿಗೆ? ಒಳ್ಳೇದೇ ಆಯ್ತಲ್ಲ?" ಶಾರದೆ ಗಾಬರಿಯಾದಳು. ಒಲೆಯ ಮೇಲೆ ರೊಟ್ಟಿ ಸೀದ ವಾಸನೆ ಬಂದಾಗ ಎದ್ದು ಓಡಿದಳು.

ಒಳ್ಳೆಯದೇ ಆಯಿತು. ನೆಲ ಒರೆಸುವುದು ತಪ್ಪಿತು. ಕಣವೂ ಉಳಿಯಿತು. ಗಂಬೂಟು ಮಾತ್ರ ಇನ್ನೂ ಒಳಗೇ ಇದೆ.

ಆದರೆ ಹೇಳಿದ ಮಾತನ್ನು ಇಷ್ಟು ಬೇಗ ಕೇಳಿಬಿಟ್ಟ ಈ ಮರಿ, ನೀವೇ ಹೇಳಿ, ಅವರಾಗಿರಲು ಸಾಧ್ಯವೇ?