ಮಂಡಿಯ ಮಣ್ಣು

ಮಣ್ಣಾದ ಬಟ್ಟೆಯನ್ನು ತಕ್ಷಣ ನೀರಿಗೆ ಹಾಕಬಾರದು. ಹಾಕಿದರೆ ಮಣ್ಣು ನೂಲಿನೊಳಕ್ಕೆ ಇಳಿದು ಅಲ್ಲೇ ಮನೆ ಮಾಡಿಕೊಳ್ಳುತ್ತದೆ. ಮೊದಲು ಒಣಗಬೇಕು, ಒಣಗಿದ್ದನ್ನು ಕೊಡವಬೇಕು, ಆಮೇಲೆ ಬ್ರಷ್ಷು, ಆಮೇಲೆ ಉಗುರುಬೆಚ್ಚಗಿನ ನೀರು, ಹಸಿರು ಬಾರ್ ಸೋಪು, ಉಜ್ಜುವ ಹಲಗೆ. ಇಷ್ಟು ಗೊತ್ತಿಲ್ಲದ ಹೆಂಗಸು ಬೇಸ್‌ಬಾಲ್ ಆಡುವವರ ಮನೆಗೆ ಸೊಸೆಯಾಗಿ ಬರಬಾರದು ಎಂದು ಸಾಯೊಳಿಗೆ ಅವಳ ಅತ್ತೆ ತೊಷಿಯೆ ಮದುವೆಯ ಮರುದಿನವೇ ಹೇಳಿದ್ದಳು. ಹೇಳಿ, ಬಟ್ಟೆಯಲ್ಲಿ ಸುತ್ತಿದ ಮರದ ಹಲಗೆಯೊಂದನ್ನು ಉಡುಗೊರೆಯಾಗಿ ಕೊಟ್ಟಿದ್ದಳು. ಅದರ ನಡುವಿನ ಗೀರುಗಳು ಸವೆದು ಹೋಗಿದ್ದವು.

"ನಾಲ್ಕನೇ ಕ್ಲಾಸಿಂದ ಹೈಸ್ಕೂಲು ಮುಗಿಯೋವರೆಗೂ ನಾನು ಉಜ್ಜಿದೀನಮ್ಮ. ಇನ್ಮೇಲೆ ನಿನ್ನ ಪಾಳಿ."

ಸಾಯೊ ನಕ್ಕಿದ್ದಳು. ಆಗ ಅವಳಿಗೆ ಇಪ್ಪತ್ತೈದು.

ಅವಳ ಗಂಡ ಮಿಜೊಗುಚಿ ಕೊಹೇಯ್ ಶಾರ್ಟ್‌ಸ್ಟಾಪ್. ಓಟಗಾರ ಮುಟ್ಟಬೇಕಾದ ನಾಲ್ಕು ಬೇಸುಗಳಲ್ಲಿ ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ ನಿಂತು, ಬ್ಯಾಟಿನಿಂದ ಸಿಡಿದು ನೆಲ ಸವರಿಕೊಂಡು ಬರುವ ಚೆಂಡನ್ನು ಹಿಡಿದು ಮೊದಲ ಬೇಸಿಗೆ ಎಸೆಯುವವನು. ಮೈದಾನದಲ್ಲಿ ಅತಿ ಹೆಚ್ಚು ಓಡುವವನು, ಅತಿ ಹೆಚ್ಚು ಬೀಳುವವನು. ಅಂದರೆ ಅತಿ ಹೆಚ್ಚು ಮಣ್ಣಾಗುವವನು. ಹದಿನೆಂಟನೇ ವಯಸ್ಸಿಗೆ ಹೈಸ್ಕೂಲಿನಿಂದ ನೇರ ಕ್ಲಬ್ಬಿಗೆ ಬಂದು ಆಟಗಾರರ ವಸತಿಗೃಹ ಸೇರಿದ್ದ. ಆ ವಸತಿಗೃಹದ ಅಡುಗೆಮನೆಯಲ್ಲಿ ಸಾಯೊ ಆಹಾರ ತಜ್ಞೆ. ಮೂವತ್ತೆಂಟು ಜನಕ್ಕೆ ಮೂರು ಹೊತ್ತಿನ ಊಟದ ಪಟ್ಟಿ ಬರೆಯುವವಳು. ಯಾರಿಗೆ ಕಬ್ಬಿಣದ ಅಂಶ ಕಮ್ಮಿ, ಯಾರು ಕ್ಯಾರೆಟ್ಟನ್ನು ಬಟ್ಟಲಿನ ಅಡಿಗೆ ಮುಚ್ಚಿಡುತ್ತಾರೆ, ಎಲ್ಲ ಅವಳಿಗೆ ಗೊತ್ತಿತ್ತು. ಕ್ಯಾರೆಟ್ ಮುಚ್ಚಿಡುತ್ತಿದ್ದವನು ಕೊಹೇಯ್.

ಮದುವೆಯಾದ ಮೇಲೆ ಅವಳು ಕೆಲಸ ಬಿಟ್ಟಳು. ಬಿಡು ಎಂದು ಯಾರೂ ಹೇಳಲಿಲ್ಲ. ಬಿಡುತ್ತಾಳೆ ಎಂದು ಎಲ್ಲರಿಗೂ ಮೊದಲೇ ಗೊತ್ತಿತ್ತು, ಅಷ್ಟೆ. "ಅದೃಷ್ಟ ಮಾಡಿದ್ದ ನಮ್ಮ ಮಿಜೊಗುಚಿ, ಮನೆಯಲ್ಲೇ ಆಹಾರ ತಜ್ಞೆ!" ಎಂದು ಮದುವೆಯ ಊಟದಲ್ಲಿ ಕ್ಲಬ್ಬಿನ ಹಿರಿಯರೊಬ್ಬರು ಭಾಷಣ ಮಾಡಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಸಾಯೊ ಕೂಡ ತಲೆ ಬಾಗಿಸಿ ವಂದಿಸಿದಳು. ಮೂವತ್ತೆಂಟು ಜನಕ್ಕೆ ಬಡಿಸುತ್ತಿದ್ದ ಕೈ ಒಬ್ಬನಿಗೆ ದಿನಕ್ಕೆ ಐದು ಸಲ ಬಡಿಸತೊಡಗಿತು.

ಅವನ ಆಟದ ಬದುಕನ್ನು ಪತ್ರಿಕೆಯವರು ಅಂಕಿಗಳಲ್ಲಿ ಬರೆದಿಡುತ್ತಾರೆ. ಸಾಯೊಳ ಕೈಗಳಲ್ಲಿ ಅದು ಬೇರೆ ಥರ ಬರೆದುಕೊಂಡಿತ್ತು. ಒಂದನೇ ತಂಡದಲ್ಲಿದ್ದ ನಾಲ್ಕು ವರ್ಷ ಎಲ್ಲ ಬಟ್ಟೆಯೂ ಕ್ಲಬ್ಬಿನ ಲಾಂಡ್ರಿಗೇ ಹೋಗುತ್ತಿತ್ತು. ಆಗ ಅವಳ ಬೆರಳುಗಳು ನುಣುಪಾಗಿದ್ದವು, ಮಗಳು ಕೊತೊ ಹುಟ್ಟಿದ್ದೂ ಆಗಲೇ. ಆಮೇಲೆ ಅವನ ಪಾದದ ಕೀಲು ಮುರಿಯಿತು, ಅವನ ಜಾಗಕ್ಕೆ ಇಪ್ಪತ್ತರ ಹುಡುಗನೊಬ್ಬ ಬಂದ. ಕೊಹೇಯ್ ಸಮುದ್ರದ ದಡದ ಈ ಊರಿಗೆ, ಎರಡನೇ ತಂಡಕ್ಕೆ ಇಳಿದ. ಇಲ್ಲಿ ಅಭ್ಯಾಸದ ಪ್ಯಾಂಟು ಮನೆಗೇ ಬರುತ್ತದೆ. ಬೆರಳ ಸಂದಿನಲ್ಲಿ ಬಿರುಕು ಬಿಟ್ಟಿತು. ಚಳಿಗಾಲದಲ್ಲಿ ಬಿರುಕಿಗೆ ಸೋಪು ಇಳಿದಾಗ ಅವಳು ಹಲ್ಲು ಕಚ್ಚಿಕೊಂಡು ಇಪ್ಪತ್ತರವರೆಗೆ ಎಣಿಸುತ್ತಿದ್ದಳು. ಹೀಗೇ ಆರು ವರ್ಷ ಕಳೆದವು. ಈಗ ಅವನಿಗೆ ಮೂವತ್ತನಾಲ್ಕು.

ಉಜ್ಜಿ ಉಜ್ಜಿ ಅವಳು ಒಂದು ವಿದ್ಯೆ ಕಲಿತಿದ್ದಳು. ಮೂರನೇ ಬೇಸಿನ ಕಡೆ ದೂರಕ್ಕೆ ಉರುಳುವ ಆಳದ ಚೆಂಡಿಗೆ ಹೋಗಿದ್ದರೆ ಬಲ ಮಂಡಿಯ ಒಳಬದಿ ಕಪ್ಪಾಗಿರುತ್ತದೆ. ಎರಡನೇ ಬೇಸಿನ ಹಿಂದಕ್ಕೆ ಹಾರಿದ್ದರೆ ಎಡ ತೊಡೆ. ಈ ವರ್ಷ ಬೇಸಿಗೆಯಿಂದ ಬಲ ಮಂಡಿ ಬೆಳ್ಳಗಾಗುತ್ತ ಬಂದಿತ್ತು. ಬೇರೆ ಯಾರಾದರೂ ಕೆಲಸ ಹಗುರಾಯಿತು ಅಂದುಕೊಳ್ಳುತ್ತಿದ್ದರು. ಆಳದ ಚೆಂಡು ಅವನಿಗೆ ಎಟುಕುತ್ತಿಲ್ಲ ಎಂದು ಸಾಯೊಳಿಗೆ ಅವನಿಗಿಂತ ಮೊದಲು ಗೊತ್ತಾಯಿತು. ಅತ್ತೆ ಫೋನು ಮಾಡಿದಾಗಲೆಲ್ಲ ಮಗ ಹೇಗಿದ್ದಾನೆ ಎಂದು ಕೇಳುತ್ತಿರಲಿಲ್ಲ, "ಮಣ್ಣು ಹೇಗಿದೆ?" ಎಂದು ಕೇಳುತ್ತಿದ್ದಳು.

"ಕಮ್ಮಿ ಆಗ್ತಿದೆ ಅತ್ತೆ."

"ಹೂಂ," ಎನ್ನುತ್ತಿದ್ದಳು ತೊಷಿಯೆ. ಒಮ್ಮೆ ಮಾತ್ರ, "ಅವನಿಗೆ ಹೇಳ್ಬೇಡ. ಗಂಡಸರಿಗೆ ವಯಸ್ಸಾಯ್ತು ಅಂದ್ರೆ ನಾವೇ ಮಾಡಿಸಿದ ಹಾಗೆ ಮುಖ ಮಾಡ್ತಾರೆ," ಎಂದಿದ್ದಳು.

ಸೆಪ್ಟೆಂಬರ್ ಎರಡನೇ ವಾರದಲ್ಲಿ ಪ್ಯಾಂಟು ಮತ್ತೆ ಕೊಳೆಯಾಗಿ ಬರತೊಡಗಿತು. ದಿನವೂ, ಎರಡೂ ಮಂಡಿಗೆ ದಪ್ಪಗೆ. ಒಂದು ಪ್ಯಾಂಟಿಗೆ ಒಂದು ಗಂಟೆ ಹಿಡಿಯುತ್ತಿತ್ತು.

"ಇತ್ತೀಚೆಗೆ ಚೆನ್ನಾಗಿ ಬೀಳ್ತಿದೀಯಾ," ಎಂದಳು ಸಾಯೊ.

"ಮೈ ಹಗುರ ಆಗಿದೆ ಸಾಯೊ-ಸಾನ್. ಇನ್ನೊಂದು ವರ್ಷ ಆಡ್ಬೋದು ಅನ್ಸುತ್ತೆ," ಎಂದ ಅವನು, ಅವಳ ಮುಖ ನೋಡದೆ, ಮೀನಿನ ಮುಳ್ಳು ಬಿಡಿಸುತ್ತ. ವಸತಿಗೃಹದ ದಿನಗಳಿಂದಲೂ ಅವಳನ್ನು ಅವನು ಹಾಗೆಯೇ, ಹೆಸರಿಗೆ ಗೌರವದ 'ಸಾನ್' ಸೇರಿಸಿ ಕರೆಯುತ್ತಿದ್ದದ್ದು. ಅವಳು ಅವನಿಗಿಂತ ಎರಡು ವರ್ಷ ದೊಡ್ಡವಳು.

ಇನ್ನೊಂದು ವರ್ಷ. ಆ ಮಾತು ಬಂದದ್ದು ಸರಿಯಾಗಿ ತಿಂಗಳ ಕೊನೆಯ ವಾರದಲ್ಲಿ. ಪುರಸಭೆಯ ಶಾಲಾ ಊಟದ ಅಡುಗೆಮನೆಯಿಂದ ಅವಳಿಗೆ ಕರೆ ಬಂದಿತ್ತು. ಅಲ್ಲಿಯ ಆಹಾರ ತಜ್ಞೆ ಹೆರಿಗೆಗೆ ಹೋಗುತ್ತಾಳೆ, ನವೆಂಬರಿನಿಂದ ಬರಲು ಸಾಧ್ಯವೇ? ಐದು ಶಾಲೆ, ಒಂಬೈನೂರು ಮಕ್ಕಳು. ಬೆಳಿಗ್ಗೆ ಆರೂವರೆಗೆ ಹಾಜರಿ. ಶುಕ್ರವಾರ ಮಧ್ಯಾಹ್ನದೊಳಗೆ ಉತ್ತರ ಹೇಳಬೇಕು. ಇಲ್ಲದಿದ್ದರೆ ಪಟ್ಟಿಯಲ್ಲಿ ಮುಂದಿನವರಿಗೆ ಹೋಗುತ್ತದೆ.

ಅವನು ಇನ್ನೊಂದು ವರ್ಷ ಆಡುವುದಾದರೆ ಆರೂವರೆಗೆ ಅವಳು ಈ ಮನೆಯಲ್ಲೇ ಇರಬೇಕು. ಆ ಹೊತ್ತಿಗೆ ಅವನ ಮೊದಲ ಊಟ, ಅದು ಮುಗಿಯುವುದರೊಳಗೆ ಹತ್ತು ಗಂಟೆಯದ್ದಕ್ಕೆ ಅನ್ನದ ಉಂಡೆ ಕಟ್ಟಬೇಕು, ಕೀಲಿಗೆ ಬಿಸಿ ಬಟ್ಟೆ ಸುತ್ತಬೇಕು, ಕೊತೊಳನ್ನು ಎಬ್ಬಿಸಬೇಕು. ಬೇರೆ ಕ್ಲಬ್ಬು ಕರೆದರೆ ಊರೇ ಬದಲಾಗಬಹುದು. ಸಾಯೊ ಎರಡು ದಿನ ಯೋಚಿಸಿ, ಆಗುವುದಿಲ್ಲ ಎಂದು ಹೇಳಿಬಿಡುವುದು ಅಂದುಕೊಂಡಳು, ಕೊಹೇಯ್‌ಗೂ ಹಾಗೆಯೇ ಹೇಳಿದಳು. ದೊಡ್ಡ ದುಃಖವೇನೂ ಆಗಲಿಲ್ಲ. ಬಹಳ ದಿನದಿಂದ ಸುಸ್ತಾಗಿದ್ದವರಿಗೆ ಬೇಡ ಅನ್ನುವುದು ಸುಲಭ.

ಗುರುವಾರ ಮೂರು ಗಂಟೆಗೆ ಅವನು ಬಂದು, ಪ್ಯಾಂಟನ್ನು ಬಾಲ್ಕನಿಯ ಕಂಬಿಗೆ ಹಾಕಿ, ಸ್ನಾನಕ್ಕೆ ಹೋದ. ಸಾಯೊ ಅದನ್ನು ಬಿಸಿಲಿಗೆ ತಿರುಗಿಸಿ ಹಾಕುವಾಗ ಕೈ ನಿಂತಿತು.

ಅಷ್ಟು ದಿನ ಮಣ್ಣು ಒಣಗಿದ ಮೇಲೆ ಮಾತ್ರ ನೋಡುತ್ತಿದ್ದಳು. ಅಂದು ಇನ್ನೂ ಹಸಿಯಾಗಿತ್ತು. ಬಿದ್ದಾಗ ಹತ್ತುವ ಮಣ್ಣು ನೂಲಿಗೆ ಉಜ್ಜಿಕೊಂಡು, ಜಾರಿದ ದಿಕ್ಕಿಗೆ ಗೀರಾಗಿ, ನಡುವೆ ಮರಳು ಕಚ್ಚಿಕೊಂಡಿರುತ್ತದೆ. ಇದು ಹಾಗಿರಲಿಲ್ಲ. ಎರಡೂ ಮಂಡಿಗೆ ಸರಿಸಮವಾಗಿ, ಬದನೆಕಾಯಿ ಹೋಳಿಗೆ ಮಿಸೊ ಗೊಜ್ಜು ಸವರಿದ ಹಾಗೆ. ಎಡ ಮಂಡಿಯ ಅಂಚಿನಲ್ಲಿ ನಾಲ್ಕು ಬೆರಳ ಗುರುತು. ಅವಳು ತನ್ನ ಬೆರಳುಗಳನ್ನು ಅದರ ಮೇಲೆ ಇಟ್ಟು ನೋಡಿದಳು. ಅವನದು ದಪ್ಪ ಬೆರಳು.

ಸ್ನಾನ ಮುಗಿಸಿ ಬಂದವನಿಗೆ ಅವಳು ಊಟ ಬಡಿಸಲಿಲ್ಲ. ಪ್ಯಾಂಟನ್ನು ಊಟದ ಮೇಜಿನ ಮೇಲೆ, ಬಟ್ಟಲುಗಳ ಜಾಗದಲ್ಲಿ ಹರಡಿಟ್ಟಿದ್ದಳು.

"ಇದೇನಿದು?" ಎಂದ ಕೊಹೇಯ್.

"ನೀನೇ ಹೇಳು."

ಅವನು ಕುರ್ಚಿ ಎಳೆದುಕೊಂಡು ಕೂತ. ತಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು. "ಒಂಬತ್ತನೇ ತಾರೀಕು ಮ್ಯಾನೇಜರ್ ಕರೆದ್ರು," ಎಂದ. "ಮುಂದಿನ ವರ್ಷಕ್ಕೆ ಕ್ಲಬ್ಬಲ್ಲಿ ಜಾಗ ಇಲ್ಲ ಅಂದ್ರು. ಅಕ್ಟೋಬರಲ್ಲಿ ಎಲ್ಲರಿಗೂ ಹೇಳ್ತಾರಂತೆ. ನಾಳೆಯಿಂದ ಶಾರ್ಟಲ್ಲಿ ನಿಲ್ಬೇಡ, ಹುಡುಗ್ರಿಗೆ ಬ್ಯಾಟಿಂಗ್ ಅಭ್ಯಾಸಕ್ಕೆ ಚೆಂಡು ಎಸಿ ಅಂದ್ರು."

"ಮತ್ತೆ ಈ ಮಣ್ಣು?"

"ಕಾರ್ ನಿಲ್ಸೋ ಕಡೆ ಒಂದು ನಲ್ಲಿ ಇದೆ." ಅವನ ಕಿವಿ ಕೆಂಪಾಯಿತು. "ಪ್ಯಾಂಟು ಬೆಳ್ಳಗೆ ಬಂದ್ರೆ ನಿಂಗೆ ಗೊತ್ತಾಗ್ಬಿಡುತ್ತೆ ಅಂತ. ನೀನು ಎಲ್ಲಾ ನೋಡ್ತೀಯಲ್ಲ."

ಸಾಯೊಳಿಗೆ ಮೊದಲು ನಗು ಬಂತು. ಮೂವತ್ತನಾಲ್ಕು ವರ್ಷದ ಗಂಡಸು, ಮುನ್ನೂರು ಚಿಲ್ಲರೆ ಆಟ ಒಂದನೇ ತಂಡದಲ್ಲಿ ಆಡಿದವನು, ನಲ್ಲಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು ಮಣ್ಣು ಕಲಸಿ ಮಂಡಿಗೆ ಬಳಿದುಕೊಳ್ಳುವುದು ಕಣ್ಣಿಗೆ ಕಟ್ಟಿತು. ನಗು ಅರ್ಧಕ್ಕೇ ನಿಂತಿತು.

"ಮೂರು ವಾರ," ಎಂದಳು. "ಮೂರು ವಾರ ನೀನು ಬಳ್ಕೊಂಡು ಬಂದಿದ್ದನ್ನ ನಾನು ಉಜ್ಜಿದೀನಿ. ದಿನಾ ಒಂದ್ ಗಂಟೆ. ಕೆಲಸ ಹೋಯ್ತು ಅಂತ ಹೇಳಿದ್ರೆ ಅಳ್ತಿದ್ದೆನೋ ಏನೋ. ಅತ್ತು ಎದ್ದು ಅನ್ನಕ್ಕಿಡ್ತಿದ್ದೆ. ಅಷ್ಟಕ್ಕೆ ಇಷ್ಟು ಕೆಲಸ ಕೊಟ್ಯಲ್ಲ ನಂಗೆ!"

"ನಿಂಗೆ ಬೇಜಾರಾಗ್ಬಾರ್ದು ಅಂತ..."

"ನಂಗಲ್ಲ. ನಿಂಗೆ." ಅವಳು ಬಿರುಕುಬಿಟ್ಟ ಬೆರಳುಗಳನ್ನು ಮೇಜಿನ ಮೇಲಿಟ್ಟಳು, ತೋರಿಸಲಿಕ್ಕಲ್ಲ, ಭಾರವಾಗಿದ್ದವು. "ನಾಳೆ ಫೋನ್ ಮಾಡಿ ಆ ಅಡುಗೆಮನೆ ಕೆಲಸ ಬೇಡ ಅನ್ನೋಳಿದ್ದೆ. ಗೊತ್ತಿತ್ತಲ್ಲ ನಿಂಗೆ?"

ಅವನು ತಲೆ ತಗ್ಗಿಸಿದ. ಗೊತ್ತಿತ್ತು.

"ನವೆಂಬರಲ್ಲಿ ಟ್ರೈಔಟ್ ಇದೆ," ಎಂದ. "ಕ್ಲಬ್ಬು ಕೈಬಿಟ್ಟೋರನ್ನೆಲ್ಲ ಒಂದೇ ಮೈದಾನದಲ್ಲಿ ಆಡ್ಸಿ ನೋಡ್ತಾರೆ. ಯಾವ್ದಾದ್ರೂ ಕ್ಲಬ್ಬು ಕರೀಬೋದು. ಅಲ್ಲೀವರೆಗೆ ತಡ್ಕೋ ಸಾಯೊ-ಸಾನ್. ಈ ಒಂದೂವರೆ ತಿಂಗಳು ಮೈ ಸರಿಯಾಗಿ ನೋಡ್ಕೊಂಡ್ರೆ..."

"ಯಾರು ನೋಡ್ಕೊಂಡ್ರೆ?"

ಅಷ್ಟರಲ್ಲಿ ಶಾಲೆಯಿಂದ ಬಂದ ಕೊತೊ ಬಾಗಿಲಲ್ಲಿ ಬೂಟು ಕಳಚುತ್ತ, ಮೇಜಿನ ಮೇಲಿನ ಪ್ಯಾಂಟು ನೋಡಿ, "ಅಯ್ಯೋ, ಇವತ್ತು ಊಟಕ್ಕೆ ಪ್ಯಾಂಟಾ?" ಎಂದಳು. ಯಾರೂ ನಗಲಿಲ್ಲ. ಎಂಟು ವರ್ಷದ ಹುಡುಗಿ ಇಬ್ಬರ ಮುಖ ನೋಡಿ ಸದ್ದಿಲ್ಲದೆ ಒಳಗೆ ಹೋದಳು.

ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ, ಅವನ ಎದುರಿಗೇ, ಸಾಯೊ ಫೋನು ಮಾಡಿ ಬರುತ್ತೇನೆ ಎಂದಳು. ಫೋನಿಟ್ಟು, "ಟ್ರೈಔಟಿಗೆ ಹೋಗು, ಬೇಡ ಅನ್ನಲ್ಲ," ಎಂದಳು. "ಏನೇನು ತಿನ್ಬೇಕು ಅಂತ ಬರ್ದು ಫ್ರಿಜ್ ಮೇಲೆ ಅಂಟಿಸ್ತೀನಿ. ಬೇಯ್ಸೋದು ನೀನು. ಉಜ್ಜೋದೂ ನೀನೇ."

ಅವನು ಉಜ್ಜಿದ. ಮೊದಲ ದಿನವೇ ಹಸಿ ಪ್ಯಾಂಟನ್ನು ಬಕೆಟ್ಟಿಗೆ ಅದ್ದಿಬಿಟ್ಟ. ಮಂಡಿಯಲ್ಲಿ ಬೂದು ಬಣ್ಣದ ಎರಡು ಕಲೆ ಉಳಿದುಕೊಂಡವು. ಸಾಯೊ ಅಡುಗೆಮನೆಯ ಕಿಟಕಿಯಿಂದ ನೋಡಿದಳು. ನಾಲಿಗೆಯ ತುದಿಗೆ ಮಾತು ಬಂದಿತ್ತು. ಕೂಗಿ ಹೇಳಲಿಲ್ಲ. ವಿಷಯ ತಿಳಿದ ತೊಷಿಯೆ ಮಾತ್ರ ಮಗನಿಗೆ ಫೋನು ಮಾಡಿ ಕಿವಿ ಹಿಂಡಿದಳು: "ಲೋ, ಒಂಬತ್ತು ವರ್ಷ ನಿನ್ನ ಕಣ್ಣೆದುರಿಗೇ ಉಜ್ಜಿದ್ನಲ್ಲೋ! ಒಂದ್ ದಿನಾನೂ ತಿರುಗಿ ನೋಡ್ಲಿಲ್ವಾ?"

ನವೆಂಬರಿನಲ್ಲಿ ಅವಳು ಕೆಲಸಕ್ಕೆ ಸೇರಿದಳು. ಅಲ್ಲಿಯ ಬಾಣಲೆಗಳು ಸ್ನಾನದ ತೊಟ್ಟಿಯಷ್ಟು ದೊಡ್ಡವು, ಸೌಟು ದೋಣಿಯ ಹುಟ್ಟಿನಷ್ಟು ಉದ್ದ. ಮೊದಲ ವಾರದ ಕೊನೆಗೆ ಭುಜ ಎತ್ತಲಾಗಲಿಲ್ಲ. ಮಕ್ಕಳು ಕ್ಯಾರೆಟ್ಟನ್ನು ಉಳಿಸಿ ಕಳಿಸಿದ್ದ ತಟ್ಟೆಗಳನ್ನು ನೋಡಿ ಅವಳು ಸಣ್ಣಗೆ ಹೆಚ್ಚಿ ಮಸಾಲೆ ಸಾರಿನಲ್ಲಿ ಬೆರೆಸಿದಳು. ಉಳಿಯುವುದು ಅರ್ಧಕ್ಕೆ ಇಳಿಯಿತು. ಆ ದಿನ ಮನೆಗೆ ನಡೆದು ಬರುವಾಗ ಬಹಳ ಸುಸ್ತಾಗಿತ್ತು. ಆದರೂ ಅದು ಹಳೆಯ ಸುಸ್ತಲ್ಲ ಅನ್ನಿಸಿತು.

ಕೊಹೇಯ್ ಟ್ರೈಔಟಿಗೆ ಒಬ್ಬನೇ ರೈಲಿನಲ್ಲಿ ಹೋಗಿ ಬಂದ. ಬಂದವನು ಪ್ಯಾಂಟನ್ನು ಕಂಬಿಗೆ ಹಾಕಿದ. ಸಾಯೊ ನೋಡಿದಳು. ಬಲ ಮಂಡಿಯ ಒಳಬದಿ ಕಪ್ಪಾಗಿತ್ತು. ಮರಳು ಕಚ್ಚಿಕೊಂಡು, ಮೊಣಕಾಲಿಂದ ಹಿಮ್ಮಡಿಯವರೆಗೆ ಗೀರಾಗಿ.

"ಆಳದ್ದು?"

"ಹೂಂ. ಒಂದೇ ಬಂತು."

"ಎಟುಕ್ತಾ?"

"ಎಟುಕ್ತು. ಎಸೆಯೋದು ಒಂದು ಹೆಜ್ಜೆ ತಡ ಆಯ್ತು."

ಕರೆ ಬರುವುದಿದ್ದರೆ ಏಳು ದಿನದೊಳಗೆ ಬರುತ್ತದೆ ಎನ್ನುವುದು ಎಲ್ಲ ಆಟಗಾರರ ಮನೆಯಲ್ಲೂ ಗೊತ್ತಿರುವ ಮಾತು. ಏಳು ದಿನ ಅವನು ಫೋನನ್ನು ಅಕ್ಕಿ ತೊಳೆಯುವಾಗಲೂ ಪಕ್ಕದಲ್ಲಿಟ್ಟುಕೊಂಡಿದ್ದ. ಏಳು ದಿನವೂ ಪ್ಯಾಂಟು ಕಂಬಿಯ ಮೇಲೇ ಇತ್ತು. ಕೊತೊಳ ಬಟ್ಟೆ ಒಣಹಾಕಲು ಜಾಗವಿಲ್ಲದೆ ಸಾಯೊ ಅವನ್ನು ಒಳಗೆ ಹಗ್ಗ ಕಟ್ಟಿ ಹಾಕಿದಳು. ಪ್ಯಾಂಟನ್ನು ತೆಗೆ ಎಂದು ಹೇಳಲಿಲ್ಲ.

ಎಂಟನೆಯ ದಿನ ನಾಲ್ಕು ಗಂಟೆಗೆ ಅವಳು ಮನೆಗೆ ಬಂದಾಗ ಫೋನು ಕಪಾಟಿನ ಮೇಲಿತ್ತು. ಕೊಹೇಯ್ ಬಾಲ್ಕನಿಯಲ್ಲಿ ತಾಯಿ ಕೊಟ್ಟ ಹಲಗೆಯನ್ನು ಮುಂದಿಟ್ಟುಕೊಂಡು ಕೂತಿದ್ದ.

"ಸಾಯೊ-ಸಾನ್, ಇಷ್ಟು ಒಣಗಿದ್ರೆ ಸಾಕಾ?"

ಅವಳು ಬಂದು ಮಂಡಿಯ ಮೇಲೆ ಹೆಬ್ಬೆರಳು ಒತ್ತಿದಳು. ಮಣ್ಣು ಪುಡಿಯಾಗಿ ಉದುರಿತು.

"ಸಾಕು," ಎಂದು ಹೊಸ್ತಿಲ ಮೇಲೆ ಕಾಲು ಚಾಚಿ ಕೂತಳು. ಮಸಾಲೆ ಸಾರಿನ ವಾಸನೆ ಅವಳ ಕೂದಲಲ್ಲೆಲ್ಲ ತುಂಬಿತ್ತು. ಅವನು ಪ್ಯಾಂಟನ್ನು ಕೊಡವಿದ, ಬ್ರಷ್ಷು ಹಿಡಿದ, ಬಲ ಮಂಡಿಯನ್ನು ಬಹಳ ನಿಧಾನವಾಗಿ ಉಜ್ಜಿದ. ಅವನ ಭುಜ ಒಂದು ಸಲ ನಡುಗಿತು. ಅವಳು ನೋಡಿದಳು. ಎದ್ದು ಹೋಗಿ ಸಮಾಧಾನ ಮಾಡುವಷ್ಟು ಶಕ್ತಿ ಕಾಲಲ್ಲಿರಲಿಲ್ಲ. ಕೂತಲ್ಲಿಂದಲೇ ಪಾದ ಚಾಚಿ ಅವನ ಬೆನ್ನಿಗೆ ತಾಗಿಸಿ ಇಟ್ಟಳು.

ಕಪ್ಪು ಪುಡಿ ಗಾಳಿಗೆ ಹಾರಿ ಬಾಲ್ಕನಿಯ ತುಂಬ ಹರಡಿತು.

"ಆಮೇಲೆ ನೆಲಾನೂ ಗುಡಿಸ್ಬೇಕು," ಎಂದಳು ಕಣ್ಣು ಮುಚ್ಚಿಕೊಂಡು.

"ಗೊತ್ತು," ಎಂದ ಅವನು.